ಮರದ ನೆಲ ಹಾಕಿಸುವಾಗ ಮರದ ಹೆಸರು ಕೊನೆಗಿರಲಿ

ಮರದ ನೆಲ ಹಾಕಿಸಬೇಕು ಅಂತ ಹೊರಟವರು ಮೊದಲು ಕೇಳುವ ಪ್ರಶ್ನೆ "ಯಾವ ಮರ ಒಳ್ಳೇದು?" ಅಂಗಡಿಯವರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಓಕ್‌ನದೊಂದು ತುಂಡು, ವಾಲ್‌ನಟ್‌ನದೊಂದು ತುಂಡು, ಮೇಪಲ್‌ನದೊಂದು ತುಂಡು ಕೈಗೆ ಕೊಡುತ್ತಾರೆ. ಬಣ್ಣ ನೋಡುತ್ತೇವೆ, ಕೈಯಾಡಿಸುತ್ತೇವೆ, ಯಾವುದೋ ಒಂದರ ಮೇಲೆ ಮನಸ್ಸು ಕೂತುಬಿಡುತ್ತದೆ. ಆಮೇಲೆ ಉಳಿದ ಪ್ರಶ್ನೆಗಳಿಗೆಲ್ಲ ಆ ಬಣ್ಣಕ್ಕೆ ಒಗ್ಗುವ ಉತ್ತರವನ್ನೇ ಹುಡುಕುತ್ತೇವೆ.

ನನ್ನ ಪ್ರಕಾರ ಈ ಕ್ರಮವೇ ತಲೆಕೆಳಗು. ಮರದ ನೆಲ ಬೇಗ ಕೆಟ್ಟ ಕಡೆ ಕಾರಣ ಹುಡುಕಿದರೆ ಮರದ ಜಾತಿ ಸಿಗುವುದು ಅಪರೂಪ. ಸಿಗುವುದು ಅಡಿಯಿಂದ ಬಂದ ತೇವ, ಜಾಗಕ್ಕೆ ಹೊಂದದ ಹಲಗೆ, ಇಲ್ಲವೇ ಮನೆಯ ಓಡಾಟಕ್ಕೆ ತಕ್ಕದ್ದಲ್ಲದ ಲೇಪ. ಹಾಗಾಗಿ ಇಲ್ಲಿ ಅಡಿಯಿಂದ ಮೇಲಕ್ಕೆ ಹೋಗೋಣ. ಮರದ ಹೆಸರು ಕೊನೆಗೆ ಬರುತ್ತದೆ.

ಅಡಿಯಲ್ಲಿ ಏನಿದೆ?

ಹಲಗೆ ಕೂರುವುದು ಕಾಂಕ್ರೀಟ್ ಮೇಲೋ, ಮರದ ತೊಲೆಗಳ ಮೇಲೆ ಬಡಿದ ಪ್ಲೈವುಡ್ ಮೇಲೋ? ಕೋಣೆ ನೆಲಮಟ್ಟದ ಮೇಲಿದೆಯೋ, ಕೆಳಗಿದೆಯೋ? ಕೋಣೆ ಬೆಚ್ಚಗಿಡಲು ನೆಲದೊಳಗೆ ಬಿಸಿನೀರಿನ ಕೊಳವೆ ಓಡುತ್ತದೆಯೋ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಅರ್ಧ ಆಯ್ಕೆ ತಾನಾಗಿಯೇ ಮುಗಿಯುತ್ತದೆ. ನೆಲಮಟ್ಟಕ್ಕಿಂತ ಕೆಳಗಿನ ಕೋಣೆಗೆ ಇಡೀ ಮರದ (ಪದರವಿಲ್ಲದೆ ಒಂದೇ ಮರದಿಂದ ಕೊಯ್ದ) ಹಲಗೆ ಬೇಡ. ಕಾಂಕ್ರೀಟ್ ಮೇಲೆ ನೇರವಾಗಿಯೂ ಬೇಡ. ಬಚ್ಚಲುಮನೆಗೆ ಯಾವ ಮರದ ನೆಲವೂ ಬೇಡ, ಯಾರು ಏನೇ ಹೇಳಲಿ.

ಕಾಂಕ್ರೀಟ್ ನೋಡಲು ಒಣಗಿದಂತೆ ಕಂಡರೂ ಒಳಗೆ ಒದ್ದೆ ಇರುತ್ತದೆ. ದಪ್ಪದ ಪ್ರತಿ 25 ಮಿ.ಮೀ.ಗೆ ಸುಮಾರು ಒಂದು ತಿಂಗಳು ಬೇಕು ಅನ್ನುವುದು ಕೆಲಸದವರ ರೂಢಿಯ ಲೆಕ್ಕ. ಅದು ಅಂದಾಜು ಮಾತ್ರ. ಗಾಳಿ ಆಡದ ಕೋಣೆಯಲ್ಲಿ ಇನ್ನೂ ಜಾಸ್ತಿ ಹಿಡಿಯುತ್ತದೆ. ಪ್ಲಾಸ್ಟಿಕ್ ಹಾಳೆಯೊಂದನ್ನು ನೆಲಕ್ಕೆ ಅಂಟಿಸಿ ಮಾರನೇ ದಿನ ಎತ್ತಿ ನೋಡುವ ಪದ್ಧತಿಯೊಂದಿದೆ. ಹಾಳೆಯಡಿ ಹನಿ ಕಂಡರೆ ತೇವ ಇದೆ ಅಂತ ಗೊತ್ತಾಗುತ್ತದೆ, ಸರಿ. ಹನಿ ಕಾಣದಿದ್ದರೆ ಒಣಗಿದೆ ಅಂತ ಮಾತ್ರ ಅರ್ಥವಲ್ಲ. ನಂಬಬಹುದಾದ ದಾರಿ ಅಂದರೆ ಕಾಂಕ್ರೀಟಿನ ದಪ್ಪದ ಶೇ. 40ರಷ್ಟು ಆಳಕ್ಕೆ ತೂತು ಕೊರೆದು, ಒಳಗೆ ಸೆನ್ಸರ್ ಇಳಿಸಿ ಅಲ್ಲಿನ ತೇವ ಅಳೆಯುವುದು. ಹಾಕುವವರು "ಅದೆಲ್ಲ ಬೇಡ ಬಿಡಿ, ನೋಡಿದರೇ ಗೊತ್ತಾಗುತ್ತೆ" ಅಂದರೆ ಬೇರೆಯವರನ್ನು ಹುಡುಕಿ.

ಮಟ್ಟವೂ ಮುಖ್ಯ. 1.8 ಮೀಟರ್ ಉದ್ದಕ್ಕೆ 3 ಮಿ.ಮೀ.ಗಿಂತ ಜಾಸ್ತಿ ಏರಿಳಿತ ಇರಬಾರದು. ಇದ್ದರೆ ಹಲಗೆ ನಡೆದಾಗಲೆಲ್ಲ ಕಿರುಗುಟ್ಟುತ್ತದೆ, ಕೂಡು ಸಡಿಲವಾಗುತ್ತದೆ.

ಮರ ಅಗಲಕ್ಕೆ ಹಿಗ್ಗುತ್ತದೆ

ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಆದರೆ ಎಷ್ಟು ಹಿಗ್ಗುತ್ತದೆ ಅನ್ನುವ ಅಂದಾಜು ಹೆಚ್ಚಿನವರಿಗಿಲ್ಲ. ಮರ ಉದ್ದಕ್ಕೆ ಬದಲಾಗುವುದು ಲೆಕ್ಕಕ್ಕೇ ಇಲ್ಲ. ಆಟವೆಲ್ಲ ಅಗಲದಲ್ಲಿ. ಗಾಳಿಯ ತೇವ ಶೇ. 30 ಇದ್ದರೆ ಮರದೊಳಗಿನ ತೇವ ಸುಮಾರು ಶೇ. 6ಕ್ಕೆ ಬಂದು ನಿಲ್ಲುತ್ತದೆ. ಶೇ. 50ಕ್ಕೆ 9, ಶೇ. 80ಕ್ಕೆ 16ರ ಹತ್ತಿರ.

ಮಾಮೂಲಿಯಾಗಿ ಕೊಯ್ದ ಕೆಂಪು ಓಕ್‌ನ 125 ಮಿ.ಮೀ. ಅಗಲದ ಹಲಗೆ ತಗೊಳ್ಳಿ. ಅದರೊಳಗಿನ ತೇವ ನಾಲ್ಕು ಅಂಶ (ಅಂದರೆ ಶೇ. 6 ಇದ್ದದ್ದು ಶೇ. 10ಕ್ಕೆ) ಏರಿದರೆ ಅಗಲ ಸುಮಾರು 1.8 ಮಿ.ಮೀ. ಹೆಚ್ಚುತ್ತದೆ. ಒಂದೇ ಹಲಗೆಗೆ ಇದು ಏನೂ ಅಲ್ಲ ಅನಿಸಬಹುದು. ನಾಲ್ಕು ಮೀಟರ್ ಕೋಣೆಗೆ ಇಂಥ 32 ಹಲಗೆ ಬೇಕು. ಕಾಗದದ ಲೆಕ್ಕದಲ್ಲಿ ಒಟ್ಟು ಹಿಗ್ಗು ಸುಮಾರು 6 ಸೆಂ.ಮೀ.! ನಿಜದಲ್ಲಿ ಮೊಳೆ, ಅಂಟು ತಡೆಹಿಡಿಯುತ್ತವೆ, ಮರ ತಾನೂ ಸ್ವಲ್ಪ ಅದುಮಿಕೊಳ್ಳುತ್ತದೆ. ಆದರೂ ಆ ಒತ್ತಡ ಎಲ್ಲೋ ಹೊರಬರಲೇಬೇಕು. ಅಂಚುಗಳು ಮೇಲೆದ್ದು ನಡು ತಗ್ಗುತ್ತದೆ, ಇಲ್ಲವೇ ಸಾಲಿಗೆ ಸಾಲೇ ನೆಲ ಬಿಟ್ಟು ಎದ್ದು ನಿಲ್ಲುತ್ತದೆ. ಗೋಡೆಯ ಪಕ್ಕ ಸುತ್ತಲೂ 10ರಿಂದ 20 ಮಿ.ಮೀ. ಜಾಗ ಬಿಟ್ಟು, ಸ್ಕರ್ಟಿಂಗ್‌ನಿಂದ ಮುಚ್ಚುವುದು ಇದಕ್ಕೇ.

ಮನೆಯೊಳಗಿನ ಗಾಳಿಯ ತೇವ ಶೇ. 30ರಿಂದ 50ರ ನಡುವೆ ಇರಲಿ ಅಂತ ತಯಾರಕರು ಬರೆದಿರುತ್ತಾರೆ. ಎಲ್ಲ ಊರಿನಲ್ಲೂ ಎಲ್ಲ ಋತುವಿನಲ್ಲೂ ಅದು ಆಗುವ ಮಾತಲ್ಲ. ಸುಮ್ನೆ ಒಂದು ಹೈಗ್ರೋಮೀಟರ್ (ಗಾಳಿಯ ತೇವ ಅಳೆಯುವ ಸಾಧನ) ತಂದು ಕೆಲವು ವಾರ ಕೋಣೆಯಲ್ಲಿಡಿ. ನಿಮ್ಮ ಮನೆಯ ನಿಜವಾದ ಏರಿಳಿತ ಎಷ್ಟು ಅಂತ ಗೊತ್ತಾದರೆ ಮುಂದಿನ ಆಯ್ಕೆ ಸಲೀಸು. ಏರಿಳಿತ ಜಾಸ್ತಿ ಇದ್ದರೆ ಕಿರಿದಾದ ಹಲಗೆ, ಕಡಿಮೆ ಹಿಗ್ಗುವ ಮರ, ಅಥವಾ ಮರದ ಪದರಗಳನ್ನು ಅಂಟಿಸಿ ಮಾಡಿದ ಎಂಜಿನಿಯರ್ಡ್ ಹಲಗೆ.

ಇಡೀ ಮರವೋ, ಎಂಜಿನಿಯರ್ಡ್ ಹಲಗೆಯೋ?

ಹೋಲಿಕೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಇಡೀ ಮರದ್ದು ಅಂದರೆ ಮೇಲಿಂದ ಕೆಳಗಿನವರೆಗೆ ಒಂದೇ ಮರ. ಸಾಮಾನ್ಯವಾಗಿ 19 ಮಿ.ಮೀ. ದಪ್ಪ. ಒಂದು ಹಲಗೆಯ ಅಂಚಿನ ನಾಲಿಗೆ ಪಕ್ಕದ ಹಲಗೆಯ ಕಚ್ಚಿನೊಳಗೆ ಕೂರುತ್ತದೆ. ಎಂಜಿನಿಯರ್ಡ್‌ನಲ್ಲಿ ಮೇಲೊಂದು ನಿಜವಾದ ಮರದ ಪದರ, ಅದರಡಿ ಪ್ಲೈವುಡ್ ಅಥವಾ ಬೇರೆ ಮರದ ಪಟ್ಟಿಗಳು. ಒಂದು ಪದರದ ಎಳೆ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಒಂದು ಹಿಗ್ಗಲು ಹೊರಟರೆ ಇನ್ನೊಂದು ಬಿಡುವುದಿಲ್ಲ. ಹಾಗಾಗಿ ಅಗಲದ ಹಲಗೆಯೂ ನೆಟ್ಟಗೆ ನಿಲ್ಲುತ್ತದೆ, ಕಾಂಕ್ರೀಟ್ ಮೇಲೆ ಅಂಟಿಸಬಹುದು, ನೆಲದಡಿ ಬಿಸಿ ಇರುವಲ್ಲೂ ಹಾಕಬಹುದು. ಬಿಸಿ ಇರುವ ಕಡೆ ಮಾತ್ರ ಮೇಲ್ಮೈ 27 ಡಿಗ್ರಿ ಸೆಲ್ಸಿಯಸ್ ದಾಟದ ಹಾಗೆ ನೋಡಿಕೊಳ್ಳಬೇಕು.

"ಎಂಜಿನಿಯರ್ಡ್ ಅಂದರೆ ನಕಲಿ" ಅನ್ನುವ ಮಾತು ಇನ್ನೂ ಓಡಾಡುತ್ತಿದೆ. ಅದನ್ನು ತಲೆಯಿಂದ ತೆಗೆದುಹಾಕಿ. ಕಾಲಿಗೆ ಸಿಗುವುದು ನಿಜವಾದ ಮರವೇ. ಕೇಳಬೇಕಾದ ಪ್ರಶ್ನೆ ಒಂದೇ: ಆ ಮೇಲ್ಪದರ ಎಷ್ಟು ಮಿ.ಮೀ.? ಮಾರುಕಟ್ಟೆಯಲ್ಲಿ 0.6 ಮಿ.ಮೀ.ನಿಂದ 6 ಮಿ.ಮೀ.ವರೆಗೆ ಸಿಗುತ್ತದೆ. ಎರಡಕ್ಕೂ ಹೆಸರು ಒಂದೇ, ಪೆಟ್ಟಿಗೆಯ ಮೇಲಿನ ಚಿತ್ರವೂ ಹೆಚ್ಚುಕಡಿಮೆ ಒಂದೇ. ಆದರೆ ವಸ್ತು ಬೇರೆ ಬೇರೆ.

ಯಾಕೆ ಅಂದರೆ, ಹಳೆಯ ನೆಲವನ್ನು ಯಂತ್ರದಿಂದ ಉಜ್ಜಿ ಹೊಸದಾಗಿ ಲೇಪ ಕೊಡಬಹುದು ಅನ್ನುವುದೇ ಮರದ ನೆಲದ ದೊಡ್ಡ ಲಾಭ. ಒಂದು ಸಲ ಪೂರ್ತಿ ಉಜ್ಜಿದರೆ ಅರ್ಧದಿಂದ ಒಂದು ಮಿ.ಮೀ. ಮರ ಹೋಗುತ್ತದೆ. 0.6 ಮಿ.ಮೀ. ಪದರವನ್ನು ಒಮ್ಮೆಯೂ ಉಜ್ಜುವ ಹಾಗಿಲ್ಲ. 2 ಮಿ.ಮೀ. ಇದ್ದರೆ ಒಮ್ಮೆ, ಅದೂ ಕೈ ಪಳಗಿದವರಿಂದ. 4 ಮಿ.ಮೀ. ಇದ್ದರೆ ಎರಡು ಮೂರು ಸಲ. 19 ಮಿ.ಮೀ. ಇಡೀ ಹಲಗೆಯಲ್ಲಿ ನಾಲಿಗೆಯ ಮೇಲಿರುವ ಮರ ಮಾತ್ರ ಉಜ್ಜಲು ಸಿಗುವುದು, ಅದು 6 ಮಿ.ಮೀ. ಆಸುಪಾಸು. ಅಂದರೆ 6 ಮಿ.ಮೀ. ಮೇಲ್ಪದರದ ಎಂಜಿನಿಯರ್ಡ್ ಹಲಗೆಯೂ ಇಡೀ ಮರದ ಹಲಗೆಯೂ ಈ ಒಂದು ವಿಷಯದಲ್ಲಿ ಸರಿಸಮ. ಇದನ್ನು ಹೇಳಿದಾಗ ಜನ ನಂಬುವುದಿಲ್ಲ. ಹಲಗೆಯ ತುದಿ ನೋಡಿದರೆ ತಾನೇ ಕಾಣುತ್ತದೆ.

ಮೇಲ್ಪದರ ತೆಗೆದ ರೀತಿಯೂ ನೋಡಬೇಕು. ಗರಗಸದಲ್ಲಿ ಕೊಯ್ದ ಪದರ ಇಡೀ ಮರದ ಹಾಗೆಯೇ ಕಾಣುತ್ತದೆ, ಹಾಗೆಯೇ ವರ್ತಿಸುತ್ತದೆ. ದಿಮ್ಮಿಯನ್ನು ತಿರುಗಿಸುತ್ತಾ ಸುರುಳಿಯಾಗಿ ಸುಲಿದ ಪದರದಲ್ಲಿ ಗೆರೆಗಳು ದೊಡ್ಡ ದೊಡ್ಡ ಅಲೆಯಾಗಿ ಹರಡಿರುತ್ತವೆ. ಒಣ ಹವೆಯಲ್ಲಿ ಅದು ಸಣ್ಣಗೆ ಬಿರುಕು ಬಿಡುವ ಸಾಧ್ಯತೆಯೂ ಜಾಸ್ತಿ. ಅಡಿಯ ಭಾಗ ಎಚ್‌ಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಆಗಿದ್ದರೆ ನೀರು ಸೋಂಕಿದಾಗ ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ. ಒಳ್ಳೆಯ ಪ್ಲೈವುಡ್ ಅದಕ್ಕಿಂತ ತಾಳುತ್ತದೆ.

ಹಾಗಾದರೆ ಇಡೀ ಮರ ಯಾರಿಗೆ? ಅಡಿಯಲ್ಲಿ ಪ್ಲೈವುಡ್ ಇದೆ, ಮನೆಯ ಹವೆ ವರ್ಷವಿಡೀ ಒಂದೇ ಹದದಲ್ಲಿರುತ್ತದೆ, ಹಲಗೆ 80 ಮಿ.ಮೀ. ಒಳಗಿನ ಅಗಲದ್ದು ಸಾಕು ಅನ್ನುವವರಿಗೆ. ಅಂಥ ಕಡೆ ಅದನ್ನು ಮೀರಿಸಿದ್ದು ಇಲ್ಲ. ಕೂಡುಗಳು ಬಿಗಿ, ಹೆಜ್ಜೆಯ ಸದ್ದು ತುಂಬಿದ ಸದ್ದು, ಒಂದು ಹಲಗೆ ಕೆಟ್ಟರೆ ರಿಪೇರಿ ಸುಲಭ. ಉಳಿದವರಿಗೆ, ಅದರಲ್ಲೂ ಕಾಂಕ್ರೀಟ್ ನೆಲದವರಿಗೆ, 4 ಮಿ.ಮೀ. ಅಥವಾ ಅದಕ್ಕಿಂತ ದಪ್ಪ ಮೇಲ್ಪದರದ ಎಂಜಿನಿಯರ್ಡ್ ಹಲಗೆಯೇ ಜಾಣ ಆಯ್ಕೆ. ದುಡ್ಡು ಸಾಲದೆ 0.6 ಮಿ.ಮೀ. ಪದರದ್ದು ತಗೊಳ್ಳುವುದಾದರೆ, ಅದು ಲೇಪ ಸವೆಯುವವರೆಗಿನ ನೆಲ ಅಂತ ತಿಳಿದುಕೊಂಡೇ ತಗೊಳ್ಳಿ.

ಇನ್ನು ಲ್ಯಾಮಿನೇಟ್, ವಿನೈಲ್. ಲ್ಯಾಮಿನೇಟ್ ಅಂದರೆ ಎಚ್‌ಡಿಎಫ್ ಹಲಗೆಯ ಮೇಲೆ ಮರದ ಫೋಟೋ, ಅದರ ಮೇಲೆ ಗಟ್ಟಿ ಪಾರದರ್ಶಕ ಪದರ. ಗೀರಿಗೆ ಅದು ನಿಜವಾದ ಮರಕ್ಕಿಂತ ಚೆನ್ನಾಗಿ ತಾಳುತ್ತದೆ, ಸುಳ್ಳು ಹೇಳಬಾರದು. ಆದರೆ ಸವೆದರೆ ಮುಗಿಯಿತು. ವಿನೈಲ್ ಹಲಗೆ ಅಂದರೆ ಪ್ಲಾಸ್ಟಿಕ್, ನೀರಿಗೆ ಹೆದರುವುದಿಲ್ಲ. ಬಾಡಿಗೆಗೆ ಕೊಡುವ ಮನೆಗೆ ಇವೆರಡೂ ವಾಸಿ, ನೀರು ಚೆಲ್ಲುವ ಜಾಗಕ್ಕೆ ವಿನೈಲ್ ಮಾತ್ರ. ಬಿದಿರು ಮರವಲ್ಲ, ಹುಲ್ಲಿನ ಜಾತಿ. ಎಳೆಗಳನ್ನು ಜಜ್ಜಿ ಅಂಟಿನಲ್ಲಿ ಒತ್ತಿ ಮಾಡಿದ ಬಿದಿರಿನ ಹಲಗೆ ಹೆಚ್ಚಿನ ಮರಗಳಿಗಿಂತ ಗಟ್ಟಿ. ಪಟ್ಟಿಗಳನ್ನು ಮಲಗಿಸಿ ಅಂಟಿಸಿದ ಬಿದಿರು ಅಷ್ಟಿಲ್ಲ, ಕಂದು ಬಣ್ಣ ಬರಲು ಆವಿಯಲ್ಲಿ ಬೇಯಿಸಿದ್ದು ಇನ್ನೂ ಮೆತ್ತಗೆ.

ಕೊಯ್ತ ಮತ್ತು ಅಗಲ

ಒಂದೇ ದಿಮ್ಮಿಯಿಂದ ಬೇರೆ ಬೇರೆ ಸ್ವಭಾವದ ಹಲಗೆ ಬರುತ್ತದೆ. ದಿಮ್ಮಿಯನ್ನು ಒಂದೇ ದಿಕ್ಕಿನಲ್ಲಿ ಸೀಳುತ್ತಾ ಹೋದರೆ ಅದು ಪ್ಲೇನ್ ಸಾನ್. ಮೇಲ್ಮೈಯಲ್ಲಿ ಕಮಾನು ಕಮಾನಾದ ಗೆರೆ ಕಾಣುತ್ತದೆ. ಮರ ಪೋಲಾಗುವುದು ಕಡಿಮೆ, ಹಾಗಾಗಿ ಬೆಲೆಯೂ ಕಡಿಮೆ. ವರ್ಷದ ಉಂಗುರಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಲ್ಲುವ ಹಾಗೆ ಕೊಯ್ದರೆ ಕ್ವಾರ್ಟರ್ ಸಾನ್. ಗೆರೆ ನೇರ, ಓಕ್‌ನಲ್ಲಾದರೆ ನಡುನಡುವೆ ಮಿನುಗುವ ಪಟ್ಟೆಗಳೂ ಸಿಗುತ್ತವೆ. ಇವೆರಡರ ನಡುವಿನ ಓರೆಯದ್ದು ರಿಫ್ಟ್ ಸಾನ್.

ಚಂದ ಒತ್ತಟ್ಟಿಗಿರಲಿ. ಮರ ಉಂಗುರದ ಗುಂಟ ಎಷ್ಟು ಹಿಗ್ಗುತ್ತದೋ, ಉಂಗುರಕ್ಕೆ ಅಡ್ಡಲಾಗಿ ಅದರ ಅರ್ಧದಷ್ಟೇ ಹಿಗ್ಗುವುದು. ಮೇಲೆ ಹೇಳಿದ 125 ಮಿ.ಮೀ. ಕೆಂಪು ಓಕ್ ಹಲಗೆಯನ್ನೇ ಕ್ವಾರ್ಟರ್ ಸಾನ್ ಮಾಡಿದರೆ 1.8 ಮಿ.ಮೀ. ಬದಲು 0.8 ಮಿ.ಮೀ. ಹಿಗ್ಗುತ್ತದೆ. ಅಗಲವಾದ ಇಡೀ ಹಲಗೆಯೇ ಬೇಕು ಅಂತ ಹಟ ಇರುವವರು ಮರದ ಜಾತಿಗೆ ಜಾಸ್ತಿ ದುಡ್ಡು ಕೊಡುವ ಬದಲು ಕೊಯ್ತಕ್ಕೆ ಕೊಡುವುದು ಮೇಲು.

ಅಗಲದ ಹಲಗೆ ಈಗಿನ ಫ್ಯಾಷನ್. 180, 220 ಮಿ.ಮೀ. ಎಲ್ಲ ಸಿಗುತ್ತಿದೆ. ದೊಡ್ಡ ಕೋಣೆಯಲ್ಲಿ ಭವ್ಯವಾಗಿ ಕಾಣುತ್ತದೆ, ಒಪ್ಪಿದೆ. ಆದರೆ ಅಗಲ ಹೆಚ್ಚಿದಷ್ಟೂ ಕೂಡಿನ ಸಂದಿಗಳು ಕಡಿಮೆ, ಇರುವ ಸಂದಿ ದೊಡ್ಡದು. 60 ಮಿ.ಮೀ. ಹಲಗೆಯ ನೆಲದಲ್ಲಿ ಒಣ ಹವೆಗೆ ಬಿಡುವ ಸಂದಿ ಕಣ್ಣಿಗೇ ಬೀಳುವುದಿಲ್ಲ. 200 ಮಿ.ಮೀ. ಇಡೀ ಹಲಗೆಯಲ್ಲಿ ಅದೇ ಸಂದಿಯೊಳಗೆ ನಾಣ್ಯ ನಿಲ್ಲಿಸಬಹುದು.

ಗಟ್ಟಿತನದ ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಎಲ್ಲ ಮಾರಾಟದ ಹಾಳೆಗಳಲ್ಲೂ ಯಾಂಕಾ ಸಂಖ್ಯೆ ಅಂತ ಒಂದು ಇರುತ್ತದೆ. 11.28 ಮಿ.ಮೀ. ವ್ಯಾಸದ ಉಕ್ಕಿನ ಗುಂಡನ್ನು ಅದರ ಅರ್ಧದಷ್ಟು ಮರದೊಳಗೆ ಒತ್ತಲು ಎಷ್ಟು ಬಲ ಬೇಕು ಅನ್ನುವುದೇ ಆ ಸಂಖ್ಯೆ. ಅಳತೆ ಪೌಂಡ್ ಬಲದಲ್ಲಿ. ಅಮೆರಿಕದ ಕಪ್ಪು ವಾಲ್‌ನಟ್ 1010, ಕೆಂಪು ಓಕ್ 1290, ಬಿಳಿ ಓಕ್ 1360, ಹಾರ್ಡ್ ಮೇಪಲ್ 1450, ಹಿಕರಿ 1820, ಜಟೋಬಾ 2350ರ ಮೇಲೆ, ಇಪೆ 3500ರ ಹತ್ತಿರ. ತೇಗ ಸಾವಿರದ ಚಿಲ್ಲರೆ ಅಷ್ಟೇ. ತೇಗ ಅಂದರೆ ಕಲ್ಲಿನಂತೆ ಅಂದುಕೊಂಡವರಿಗೆ ಇದು ಅಚ್ಚರಿ, ಅಲ್ವಾ?

ಈ ಸಂಖ್ಯೆ ಹೇಳುವುದು ನೆಗ್ಗಿನ ಬಗ್ಗೆ. ಭಾರದ ಪಾತ್ರೆ ಬಿದ್ದರೆ, ಚೂಪು ಹಿಮ್ಮಡಿಯ ಚಪ್ಪಲಿ ಊರಿದರೆ ಎಷ್ಟು ನೆಗ್ಗುತ್ತದೆ ಅಂತ. ಗೀರಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಗೀರು ಮೊದಲು ಬೀಳುವುದು ಲೇಪದ ಮೇಲೆ. ಚಪ್ಪಲಿಗೆ ಅಂಟಿ ಬಂದ ಮರಳಿನ ಕಣ ಯಾವ ಮರದ ಮೇಲಿನ ಲೇಪವನ್ನೂ ಕೆರೆಯುತ್ತದೆ, ಕೆಳಗಿರುವುದು ವಾಲ್‌ನಟ್ ಆದರೇನು, ಇಪೆ ಆದರೇನು.

ಮೇಪಲ್ ಇದಕ್ಕೆ ಒಳ್ಳೆಯ ಉದಾಹರಣೆ. ಗಟ್ಟಿ ಮರ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಅಂಗಳಗಳಲ್ಲಿ ಹೆಚ್ಚಿನವಕ್ಕೆ ಅದನ್ನೇ ಹಾಕುತ್ತಾರೆ. ಆದರೆ ಅದರ ಮೈ ನಯ, ಬಣ್ಣ ತಿಳಿ, ಗೆರೆ ಇದ್ದೂ ಇಲ್ಲದಂತೆ. ಒಂದು ಸಣ್ಣ ಗೀರು ಬಿದ್ದರೂ ಎದ್ದು ಕಾಣುತ್ತದೆ. ಅದಕ್ಕಿಂತ ಮೆತ್ತಗಿನ ಓಕ್‌ನಲ್ಲಿ ಗೆರೆಗಳ ದಟ್ಟಣೆಯ ನಡುವೆ ಅದೇ ಗೀರು ಮಾಯ. ಮಕ್ಕಳು, ನಾಯಿ ಇರುವ ಮನೆಗೆ "ಗಟ್ಟಿ ಮರ ತಗೊಳ್ಳಿ" ಅನ್ನುವ ಸಲಹೆ ಅದಕ್ಕೇ ಅರ್ಧ ಸತ್ಯ. ಗೆರೆ ದಟ್ಟವಾಗಿರುವ, ನಡುಬಣ್ಣದ, ಹೊಳಪಿಲ್ಲದ ನೆಲ ತಗೊಳ್ಳಿ ಅಂತ ನಾನು ಹೇಳುತ್ತೇನೆ. ತಂತಿ ಬ್ರಷ್ಷಿನಿಂದ ಉಜ್ಜಿ ಮೆತ್ತಗಿನ ಎಳೆ ತೆಗೆದ ಮೇಲ್ಮೈ ಇದ್ದರೆ ಇನ್ನೂ ಒಳ್ಳೇದು.

ಇಪೆಯಂಥ ಅತಿ ಗಟ್ಟಿ ಮರಗಳಿಗೆ ಅವುಗಳದ್ದೇ ಕಷ್ಟ ಇದೆ. ಗರಗಸದ ಹಲ್ಲು ಬೇಗ ಮೊಂಡಾಗುತ್ತದೆ, ಮೊಳೆ ಸೊಟ್ಟಗಾಗುತ್ತದೆ, ಎಣ್ಣೆಯಂಶ ಇರುವುದರಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಮನೆಯೊಳಗೆ ಅಷ್ಟು ಗಟ್ಟಿ ಯಾರಿಗೆ ಬೇಕು?

ದಿನವೂ ಕಾಲಿಗೆ ಸಿಗುವುದು ಲೇಪ

ನೀವು ನಿಜವಾಗಿ ನಡೆಯುವುದು ಮರದ ಮೇಲಲ್ಲ, ಲೇಪದ ಮೇಲೆ. ಇಲ್ಲಿ ಎರಡು ಕವಲು. ಮರದ ಮೇಲೆ ಗಟ್ಟಿ ಪೊರೆ ಕಟ್ಟುವ ಲೇಪ ಒಂದು. ಮರದೊಳಗೆ ಇಳಿಯುವ ಎಣ್ಣೆ ಇನ್ನೊಂದು.

ಪೊರೆ ಕಟ್ಟುವುದರಲ್ಲಿ ಮುಖ್ಯ ಪಾಲಿಯುರಿಥೇನ್. ನೀರಿನಲ್ಲಿ ಕರಗಿಸಿದ್ದು ಕೆಲವೇ ಗಂಟೆಯಲ್ಲಿ ಒಣಗುತ್ತದೆ, ವಾಸನೆ ಕಡಿಮೆ, ಮರದ ಬಣ್ಣ ಹಾಗೆಯೇ ಉಳಿಯುತ್ತದೆ. ಎಣ್ಣೆ ಆಧಾರದ್ದು ಒಂದು ಕೋಟ್ ಒಣಗಲು ರಾತ್ರಿ ಕಳೆಯಬೇಕು, ವಾಸನೆ ಗಾಢ, ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ತೇಗ, ಕೆಂಪು ಓಕ್‌ಗೆ ಆ ಬಣ್ಣ ಒಪ್ಪುತ್ತದೆ. ಮೇಪಲ್ ಮಾತ್ರ ಹಳದಿ ಹಿಡಿದಂತಾಗುತ್ತದೆ. ಕಾಲಿಗೆ ಒಣಗಿದ್ದು ಗೊತ್ತಾದರೂ ಪೊರೆ ಪೂರ್ತಿ ಗಟ್ಟಿಯಾಗಲು ವಾರಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಕಂಬಳಿ, ಕಾರ್ಪೆಟ್ ಹಾಸಬೇಡಿ.

ಕಾರ್ಖಾನೆಯಲ್ಲೇ ಲೇಪ ಕೊಟ್ಟ ಹಲಗೆಗಳಲ್ಲಿ ಹೆಚ್ಚಾಗಿ ಅಲ್ಯೂಮಿನಿಯಂ ಆಕ್ಸೈಡ್ ಬೆರೆಸಿ, ಅತಿನೇರಳೆ ಬೆಳಕಿನಲ್ಲಿ ಗಟ್ಟಿ ಮಾಡಿರುತ್ತಾರೆ. ಸವೆತಕ್ಕೆ ಇದನ್ನು ಮೀರಿಸುವುದು ಕಷ್ಟ. ಹಾಕಿದ ದಿನವೇ ಓಡಾಡಬಹುದು, ಮನೆ ತುಂಬ ಧೂಳಿಲ್ಲ. ಬದಲಿಗೆ ಎರಡು ಒಪ್ಪಿಕೊಳ್ಳಬೇಕು. ಹಲಗೆಗಳ ಅಂಚು ತುಸು ಓರೆಯಾಗಿ ಕೊಯ್ದಿರುವುದರಿಂದ ಪ್ರತಿ ಕೂಡಿನಲ್ಲೂ ಸಣ್ಣ ತಗ್ಗುಗೆರೆ ಕಾಣುತ್ತದೆ, ಅದರಲ್ಲಿ ಕಸ ಕೂರುತ್ತದೆ. ಮುಂದೆ ಯಾವತ್ತೋ ಉಜ್ಜಬೇಕಾದಾಗ ಆ ಗಡಸು ಲೇಪ ಉಪ್ಪುಕಾಗದವನ್ನು ತಿಂದುಹಾಕುತ್ತದೆ. ಮನೆಯಲ್ಲೇ ಉಜ್ಜಿ ಲೇಪ ಕೊಟ್ಟರೆ ನೆಲ ಒಂದೇ ಹಾಳೆಯಂತೆ ಸಮ. ಬಣ್ಣವೂ ನಿಮ್ಮಿಷ್ಟದ್ದು. ಆದರೆ ಕೆಲವು ದಿನ ಮನೆ ಬಿಡಬೇಕು.

ಎರಡನೇ ಕವಲು ಹಾರ್ಡ್‌ವ್ಯಾಕ್ಸ್ ಎಣ್ಣೆ. ಎಣ್ಣೆ ಮತ್ತು ಮೇಣ ಸೇರಿ ಮರದ ಎಳೆಯೊಳಗೆ ಇಳಿಯುತ್ತವೆ. ಕೈಯಿಟ್ಟರೆ ಮರವೇ ಸಿಗುತ್ತದೆ, ಪ್ಲಾಸ್ಟಿಕ್ ಅಲ್ಲ. ಬೇಗ ಕಲೆಯಾಗುತ್ತದೆ, ಮೇಲಿಂದ ಮೇಲೆ ಮತ್ತೆ ಎಣ್ಣೆ ಹಚ್ಚುತ್ತಿರಬೇಕು. ಅಷ್ಟೆಲ್ಲ ಇದ್ದೂ ಇದನ್ನು ಯಾಕೆ ಆರಿಸುತ್ತಾರೆ? ಒಂದು ಜಾಗದಲ್ಲಿ ಗೀರು ಬಿದ್ದರೆ ಅಷ್ಟನ್ನೇ ಉಜ್ಜಿ, ಅಷ್ಟಕ್ಕೇ ಎಣ್ಣೆ ಹಚ್ಚಬಹುದು. ತೇಪೆ ಕಾಣುವುದಿಲ್ಲ. ಪಾಲಿಯುರಿಥೇನ್‌ನಲ್ಲಿ ಒಂದು ಕಡೆ ಆಳವಾಗಿ ಕೆರೆದರೆ ಇಡೀ ಕೋಣೆಗೆ ಕೈ ಹಾಕಬೇಕು. ವಾರಾಂತ್ಯಕ್ಕೆ ಸಣ್ಣಪುಟ್ಟ ಕೆಲಸ ಮಾಡಿಕೊಳ್ಳುವ ಸ್ವಭಾವದವರಿಗೆ ಎಣ್ಣೆ ಹಿಡಿಸುತ್ತದೆ. "ಹಾಕಿ ಮರೆಯಬೇಕು" ಅನ್ನುವವರಿಗೆ ಪಾಲಿಯುರಿಥೇನ್. ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಒಣಗುವಾಗ ಬಿಸಿಯೇರಿ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಇಲ್ಲವೇ ಹೊರಗೆ ಬಿಡಿಸಿ ಹರವಿ.

ಪಾಲಿಯುರಿಥೇನ್ ನೆಲದ ಆಯುಷ್ಯ ಹೆಚ್ಚಿಸುವ ಒಂದು ಉಪಾಯ ಹೆಚ್ಚಿನವರಿಗೆ ಗೊತ್ತಿಲ್ಲ. ಪೊರೆ ತೂತಾಗಿ ಮರ ಕಾಣುವ ಮುಂಚೆಯೇ ಮೇಲ್ಮೈಯನ್ನು ತೆಳ್ಳಗೆ ಉಜ್ಜಿ ಮಸುಕು ಮಾಡಿ ಇನ್ನೊಂದು ಕೋಟ್ ಕೊಟ್ಟರೆ ಮರ ಒಂಚೂರೂ ಕಳೆಯುವುದಿಲ್ಲ. ತೆಳು ಮೇಲ್ಪದರದ ಎಂಜಿನಿಯರ್ಡ್ ಹಲಗೆ ಇದ್ದವರಿಗೆ ಇದೊಂದೇ ದಾರಿ. ಮೇಣ ಬೆರೆತ ಪಾಲಿಶ್ ಹಚ್ಚಿಬಿಟ್ಟಿದ್ದರೆ ಮಾತ್ರ ಹೊಸ ಕೋಟ್ ಹಿಡಿಯುವುದಿಲ್ಲ. ಹೊಳಪಿನ ವಿಷಯದಲ್ಲಿ ನನ್ನದು ಮ್ಯಾಟ್ ಪಕ್ಷ. ಮಿರಮಿರ ಮಿಂಚುವ ನೆಲ ಮೊದಲ ತಿಂಗಳು ಮಾತ್ರ ಚಂದ.

ಹಾಕುವ ರೀತಿ

ಮೊಳೆ ಹೊಡೆಯುವುದು ಪ್ಲೈವುಡ್ ಮೇಲೆ ಇಡೀ ಹಲಗೆಗೆ. ಪೂರ್ತಿ ಅಂಟಿಸುವುದು ಕಾಂಕ್ರೀಟ್ ಮೇಲೆ ಎಂಜಿನಿಯರ್ಡ್‌ಗೆ. ಕಾಲಿಗೆ ಗಟ್ಟಿಯಾಗಿ ಸಿಗುತ್ತದೆ, ನೆಲದಡಿ ಬಿಸಿಗೂ ಒಳ್ಳೇದು, ಆದರೆ ಮುಂದೆ ಕಿತ್ತುಹಾಕುವುದು ಯಮಯಾತನೆ. ಮೂರನೆಯದು ಫ್ಲೋಟಿಂಗ್: ಹಲಗೆಗಳು ಒಂದಕ್ಕೊಂದು ಕಚ್ಚಿಕೊಂಡು ತೆಳು ಹಾಸಿನ ಮೇಲೆ ಸುಮ್ಮನೆ ಕೂತಿರುತ್ತವೆ. ಬೇಗ ಮುಗಿಯುತ್ತದೆ, ಖರ್ಚು ಕಡಿಮೆ, ಹೆಜ್ಜೆ ಟೊಳ್ಳು ಸದ್ದು ಮಾಡುತ್ತದೆ. ಅದರ ಮೇಲೆ ಅಡುಗೆಮನೆಯ ಭಾರದ ಕಪಾಟನ್ನು ಮೊಳೆ ಹೊಡೆದು ಕೂರಿಸಬೇಡಿ. ನೆಲ ಅಲ್ಲೇ ಸಿಕ್ಕಿಹಾಕಿಕೊಂಡು ಇನ್ನೊಂದು ಕಡೆ ಬಾಯಿ ಬಿಡುತ್ತದೆ.

ಈಗ ಮರ

ಇಷ್ಟು ತೀರ್ಮಾನ ಆದ ಮೇಲೆ ಉಳಿಯುವ ಮರಗಳು ಕೆಲವೇ. ಅವುಗಳಲ್ಲಿ ಧಾರಾಳವಾಗಿ ಬಣ್ಣ ನೋಡಿ ಆರಿಸಿಕೊಳ್ಳಿ.

ಯಾವುದೂ ತೋಚದಿದ್ದರೆ ಬಿಳಿ ಓಕ್. ಗಟ್ಟಿತನ ಸಾಕಷ್ಟಿದೆ, ಗೀರು ಅಡಗುತ್ತದೆ, ಯಾವ ಬಣ್ಣ ಹಚ್ಚಿದರೂ ಕೂರುತ್ತದೆ. ಅದರ ಚೇಗಿನ (ಒಳಮರದ) ರಂಧ್ರಗಳು ಒಳಗಿಂದ ಮುಚ್ಚಿಕೊಂಡಿರುವುದರಿಂದ ನೀರು ಸಲೀಸಾಗಿ ಹರಿಯುವುದಿಲ್ಲ. ಪೀಪಾಯಿ ಮಾಡುವವರು ಅದನ್ನೇ ಬಳಸುವುದು ಇದಕ್ಕೇ. ಕೆಂಪು ಓಕ್‌ನ ರಂಧ್ರಗಳು ತೆರೆದಿರುತ್ತವೆ. ಸಣ್ಣ ತುಂಡಿನ ಒಂದು ತುದಿಯಿಂದ ಊದಿದರೆ ಇನ್ನೊಂದು ತುದಿಯಲ್ಲಿ ಗಾಳಿ ಬರುತ್ತದೆ. ಅದರಲ್ಲಿ ಗುಲಾಬಿ ಛಾಯೆ ಇರುವುದರಿಂದ ಬೂದು, ತಿಳಿ ಬಣ್ಣಗಳು ಸರಿ ಬರುವುದಿಲ್ಲ. ಎರಡು ಓಕ್‌ಗಳಲ್ಲೂ ಕಬ್ಬಿಣ ಮತ್ತು ನೀರು ಸೇರಿದರೆ ಕಪ್ಪು ಕಲೆ ಖಂಡಿತ. ಒದ್ದೆ ಕುಂಡ, ಕಬ್ಬಿಣದ ಸ್ಟ್ಯಾಂಡ್ ನೇರವಾಗಿ ಇಡಬೇಡಿ.

ವಾಲ್‌ನಟ್ ಮೆತ್ತಗೆ, ಆದರೆ ಹಿಗ್ಗುವುದು ಓಕ್‌ಗಿಂತ ಕಡಿಮೆ. ಮಲಗುವ ಕೋಣೆ, ಓದುವ ಕೋಣೆಗೆ ಅದರಷ್ಟು ಚಂದದ್ದು ಇನ್ನೊಂದಿಲ್ಲ. ಬಾಗಿಲ ಬಳಿ, ಊಟದ ಮೇಜಿನಡಿ ನೆಗ್ಗುಗಳನ್ನು ಸಹಿಸಿಕೊಳ್ಳಬೇಕು. ಹಿಕರಿ ಇದಕ್ಕೆ ಪೂರಾ ವಿರುದ್ಧ: ನೆಗ್ಗುವುದಿಲ್ಲ, ಆದರೆ ಮೈತುಂಬ ಹಿಗ್ಗುತ್ತದೆ. ಹವೆ ಏರಿಳಿಯುವ ಮನೆಗೆ ಅಗಲದ ಇಡೀ ಹಿಕರಿ ಹಲಗೆ ಬೇಡವೇ ಬೇಡ. ಮೇಪಲ್‌ಗೆ ಗಾಢ ಬಣ್ಣ ಹಚ್ಚಲು ಹೋಗಬೇಡಿ, ಮಚ್ಚೆ ಮಚ್ಚೆಯಾಗುತ್ತದೆ.

ತೇಗದ ಬಲ ಗಟ್ಟಿತನದಲ್ಲಿಲ್ಲ, ಹಿಗ್ಗದಿರುವುದರಲ್ಲಿದೆ. ಅದೇ 125 ಮಿ.ಮೀ. ಹಲಗೆ, ಅದೇ ನಾಲ್ಕು ಅಂಶ ತೇವ: ತೇಗ ಹಿಗ್ಗುವುದು 0.9 ಮಿ.ಮೀ. ಮಾತ್ರ. ಕೆಂಪು ಓಕ್‌ನ ಅರ್ಧ. ಒಳಗಿನ ಎಣ್ಣೆಯಿಂದಾಗಿ ತೇವ, ಹುಳ ಎರಡನ್ನೂ ತಡೆಯುತ್ತದೆ. ಇದು ಚೇಗಿನ ಮಾತು. ತಿಳಿ ಬಣ್ಣದ ಹೊರಮರಕ್ಕೆ ಆ ಗುಣ ಇಲ್ಲ, ಹಲಗೆಯಲ್ಲಿ ಅದು ಎಷ್ಟಿದೆ ನೋಡಿಯೇ ತಗೊಳ್ಳಿ. ಅಂಟಿಸುವ ಮುಂಚೆ ಎಣ್ಣೆಯಂಶ ಒರೆಸಿ ತೆಗೆಯಬೇಕಾಗುತ್ತದೆ. ತೇವದ ಹವೆಗೆ ಇಡೀ ಮರವೇ ಬೇಕು ಅನ್ನುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ತೇಗ.

ಬೆಳಕಿಗೆ ಎಲ್ಲ ಮರವೂ ಬಣ್ಣ ಬದಲಿಸುತ್ತದೆ. ಅಮೆರಿಕದ ಚೆರ್ರಿ, ಜಟೋಬಾ ಕಪ್ಪಾಗುತ್ತವೆ, ವಾಲ್‌ನಟ್ ತಿಳಿಯಾಗುತ್ತದೆ. ಹೊಸ ತೇಗದ ಎಲ್ಲೆಲ್ಲೋ ಹಸಿರು ಬೆರೆತ ಬಣ್ಣ ನಿಧಾನವಾಗಿ ಹೊಂಬಣ್ಣಕ್ಕೆ ಬರುತ್ತದೆ. ಮಾದರಿ ತುಂಡನ್ನು ಅರ್ಧ ಮುಚ್ಚಿ ಕಿಟಕಿಯ ಬಿಸಿಲಿಗೆ ಕೆಲವು ವಾರ ಇಟ್ಟು ನೋಡಿ. ನೀವು ಬಾಳುವುದು ಆಮೇಲಿನ ಬಣ್ಣದ ಜೊತೆ.

ದರ್ಜೆಯ ಬಗ್ಗೆ ಎರಡು ಮಾತು. ಕ್ಲಿಯರ್, ಸೆಲೆಕ್ಟ್, ಕಾಮನ್ ಅಂತ ಇರುವುದು ಗಂಟು, ಬಣ್ಣಭೇದದ ಲೆಕ್ಕ, ಬಲದ್ದಲ್ಲ. ಗಂಟಿರುವ ಕಾಮನ್ ದರ್ಜೆ ಅಗ್ಗ, ಗೀರನ್ನೂ ಚೆನ್ನಾಗಿ ಅಡಗಿಸುತ್ತದೆ. ಅದರಲ್ಲಿ ತುಂಡುಗಳು ಮಾತ್ರ ಗಿಡ್ಡ ಇರುತ್ತವೆ. ಎಂಜಿನಿಯರ್ಡ್ ಹಲಗೆಯ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನ್ನುವ ಹಾನಿಕರ ಅನಿಲ ಬರಬಹುದು, ಅದು ಮಿತಿಯೊಳಗಿದೆ ಅಂತ ಹೇಳುವ ಯುರೋಪಿನ ಇ1 ಅಥವಾ ಅಮೆರಿಕದ ಟಿಎಸ್‌ಸಿಎ ಟೈಟಲ್ 6 ಗುರುತು ಇದೆಯೇ ನೋಡಿ. ಇಪೆ, ಕುಮಾರು ಮರಗಳನ್ನು 2022ರ ಸೈಟಿಸ್ (ಅಳಿವಿನ ಭೀತಿಯಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದ) ಸಭೆಯಲ್ಲಿ ಎರಡನೇ ಅನುಬಂಧಕ್ಕೆ ಸೇರಿಸಿದರು, 2024ರ ನವೆಂಬರ್‌ನಿಂದ ಅದು ಜಾರಿಯಲ್ಲಿದೆ. ಅಂದರೆ ದೇಶದಿಂದ ದೇಶಕ್ಕೆ ಸಾಗಿಸಲು ಪರವಾನಗಿ ಬೇಕು. ಕಾಗದಪತ್ರ ತೋರಿಸದ ವ್ಯಾಪಾರಿಯಿಂದ ಇವನ್ನು ಕೊಳ್ಳಬೇಡಿ.

ತರಿಸುವಾಗ

ನೇರ ಸಾಲಿಗೆ ಅಳತೆಗಿಂತ ಶೇ. 5ರಿಂದ 10 ಜಾಸ್ತಿ, ಹೆರಿಂಗ್‌ಬೋನ್ (ಹಲಗೆಗಳನ್ನು ಓರೆಯಾಗಿ ಹೆಣೆದಂತೆ ಜೋಡಿಸುವ) ವಿನ್ಯಾಸಕ್ಕೆ ಶೇ. 15ರವರೆಗೆ ತರಿಸಿ. ಎಲ್ಲ ಒಂದೇ ಬ್ಯಾಚಿನದಾಗಿರಲಿ. ಹಲಗೆ ಬಂದ ದಿನವೇ ಹಾಕಬೇಡಿ. ಹಾಕುವ ಕೋಣೆಯಲ್ಲೇ ಇಟ್ಟು, ತೇವಮಾಪಕದಿಂದ ಹಲಗೆಯನ್ನೂ ಅಡಿಯ ಪ್ಲೈವುಡ್ಡನ್ನೂ ಅಳೆಯಿರಿ. ಕಿರಿದಾದ ಹಲಗೆಗೆ ಎರಡರ ವ್ಯತ್ಯಾಸ ನಾಲ್ಕು ಅಂಶದೊಳಗೆ, 75 ಮಿ.ಮೀ. ಮತ್ತು ಮೇಲಿನ ಅಗಲಕ್ಕೆ ಎರಡು ಅಂಶದೊಳಗೆ ಬರಬೇಕು. ಎಷ್ಟು ದಿನ ಇಟ್ಟಿರಿ ಅನ್ನುವುದಕ್ಕಿಂತ ಈ ಅಳತೆ ಮುಖ್ಯ. ಉಳಿದ ಹಲಗೆಗಳ ಒಂದು ಪೆಟ್ಟಿಗೆಯನ್ನು ಮನೆಯೊಳಗೇ, ಒಣ ಜಾಗದಲ್ಲಿ ಎತ್ತಿಡಿ. ಮುಂದೆ ಕೋಣೆಯ ನಡುವೆ ಒಂದು ಹಲಗೆ ಬದಲಿಸಬೇಕಾಗಿ ಬಂದಾಗ ಪೆಟ್ಟಿಗೆಯ ಹಲಗೆಗೆ ಬಿಸಿಲು ಕಂಡಿರುವುದಿಲ್ಲ, ಅಲ್ಲಿ ಹಾಕಿದರೆ ಬೇರೆಯಾಗಿ ಕಾಣುತ್ತದೆ. ಅನುಭವಿ ಬಡಗಿಗಳು ಬಣ್ಣ ಹೊಂದುವ ಹಳೆಯ ಹಲಗೆಯೊಂದನ್ನು ಬಾಗಿಲ ಹಿಂದಿನ ಮೂಲೆಯಿಂದ ತೆಗೆದು ನಡುವೆ ಹಾಕಿ, ಹೊಸದನ್ನು ಆ ಮೂಲೆಗೆ ಸೇರಿಸುತ್ತಾರೆ.